ಕೋಡಿಪಾಳ್ಯದ ಸೋರಿಕೆ

ನೆಂಟರೆಲ್ಲ ಊರಿಗೆ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಭೂಮಿಕಾ ಐದೂ ನಲವತ್ತಕ್ಕೆ ಎದ್ದು, ಬಚ್ಚಲಿಗೆ ಹೋಗಿ, ಗಂಡನ ಸ್ನಾನಕ್ಕೆಂದು ನೀಲಿ ಬಕೆಟ್ಟಿಗೆ ನೀರು ಬಿಟ್ಟಳು. ಬಕೆಟ್ಟು ತುಂಬಿ, ನಲ್ಲಿ ನಿಲ್ಲಿಸಿದ ಮೇಲೆಯೇ ಲೋಹಿತ್ ಇಲ್ಲವೆಂಬುದು ಅವಳಿಗೆ ನೆನಪಾದದ್ದು. ಹನ್ನೊಂದನೆಯ ದಿನದ ಕಾರ್ಯ ಮುಗಿದು ಒಂದು ದಿನವಾಗಿತ್ತು. ಶಾಮಿಯಾನದವರು ಕುರ್ಚಿಗಳನ್ನು ಹೇರಿಕೊಂಡು ಹೋಗಿದ್ದರು. ಅಳು ಬರಲಿಲ್ಲ. ತುಂಬಿದ ಬಕೆಟ್ಟನ್ನು ಏನು ಮಾಡುವುದೆಂದು ತಿಳಿಯದೆ ಅದರ ಹಿಡಿ ಹಿಡಿದುಕೊಂಡು ಸುಮ್ಮನೆ ನಿಂತಳು.

"ಯಾರಿಗೆ ಅದು?" ಹಿಂದಿನಿಂದ ಅತ್ತೆ ಅಂಬುಜಮ್ಮ ಕೇಳಿದರು.

"ಕೈ ಅಭ್ಯಾಸ, ಅತ್ತೆ."

ಅಂಬುಜಮ್ಮ ಸ್ವಲ್ಪ ಹೊತ್ತು ನೀರನ್ನೇ ನೋಡಿದರು. "ಚೆಲ್ಲಬೇಡ. ಬೆಡ್‌ಶೀಟು ನೆನೆಹಾಕ್ತೀನಿ," ಎಂದು ಬಕೆಟ್ಟನ್ನು ತಮ್ಮ ಕಡೆಗೆ ಎಳೆದುಕೊಂಡರು.

ಏಳರ ಹೊತ್ತಿಗೆ ಕಾಫಿಗೆ ಇಡಲು ಅಡುಗೆಮನೆಗೆ ಹೋದರೆ ಗೋಡೆಯ ಮೇಲಿನ ಅಂಗೈಯಗಲದ ಮೀಟರು ಆಗಲೇ ಬೆಳಗಿನ ಲೆಕ್ಕ ತೋರಿಸುತ್ತಿತ್ತು. ಹನ್ನೊಂದು ದಿನ ಅದರ ಮೇಲೆ ಒಂಬತ್ತು, ಹನ್ನೆರಡು, ಹದಿನಾಲ್ಕು ಎಂದು ನೆಂಟರು ಏರಿ ಇಳಿದಿದ್ದರು. ಇವತ್ತು ಹೀಗಿತ್ತು: ಈ ಮನೆಯಲ್ಲಿ ಮೂವರು. ಇಂದಿನ ಪಾಲು ಇನ್ನೂರ ಹತ್ತು ಲೀಟರು.

ಅಂಬುಜಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಮೂವರಂತೆ. ನಿಮ್ಮ ಯಂತ್ರಕ್ಕೆ ಇನ್ನೂ ಯಾರೂ ಹೇಳಿಲ್ವೇನೇ?"

"ಅದಕ್ಕೆ ಯಾರೂ ಹೇಳಲ್ಲ. ಅದೇ ಕೇಳಿಸಿಕೊಂಡು ಎಣಿಸುತ್ತೆ."

"ಹಂಗಾದ್ರೆ ಕೇಳಿಸಿಕೊಳ್ಳಲಿ ಬಿಡು. ನಮಗೇನು ನಷ್ಟ." ಸೆರಗಿನಿಂದ ಮೂಗು ಒರೆಸಿಕೊಂಡು ಬಾಗಿಲ ಸಂದಿಯ ಕಡೆ ಕೈ ತೋರಿಸಿದರು. ಅಲ್ಲಿ ನೆಲದೊಳಗಿನ ಪೈಪಿನ ಸದ್ದು ಕೇಳುವ, ಐದಡಿ ಉದ್ದದ ಉಕ್ಕಿನ ಸಲಾಕೆಯೊಂದು ಒರಗಿತ್ತು. ಅದರ ಒಂದು ತುದಿಗೆ ಬಿಲ್ಲೆಯಂಥ ಮರದ ತುಂಡು, ಕಿವಿ ಇಡುವ ಜಾಗದಲ್ಲಿ ಸವೆದು ನುಣುಪಾಗಿತ್ತು. ಲೋಹಿತನ ಬೂಟು, ಬ್ಯಾಗಿನ ಜೊತೆ ಆಫೀಸಿನವರು ಅದನ್ನೂ ತಂದಿಟ್ಟು ಹೋಗಿದ್ದರು. "ಅದು ಇವನದಲ್ಲ. ಕೋಡಿಪಾಳ್ಯದ ಯಾವುದೋ ಮುದುಕಪ್ಪನದಂತೆ. ಕೇಳಿ ತಂದಿದೀನಿ, ವಾಪಸ್ ಕೊಡಬೇಕು ಅಂತಿದ್ದ."

"ಕೊಡೋಣ," ಎಂದಳು ಭೂಮಿಕಾ. ಸಲಾಕೆಯನ್ನು ಮುಟ್ಟದೆ ಕೆಲಸಕ್ಕೆ ಹೊರಟಳು.

ಆ ಬಯಲುಸೀಮೆಯ ನಗರದಲ್ಲಿ ಒಂದು ಕಾಲಕ್ಕೆ ಒಂಬತ್ತು ದಿನಕ್ಕೊಮ್ಮೆ ನೀರು ಬರುತ್ತಿತ್ತು. ಬರುವ ನೀರು ಕಾಗದದ ಮೇಲಿನ ಜನಕ್ಕೆ ಬರುತ್ತಿತ್ತು. ಪಟ್ಟಿಯಲ್ಲಿ ಸತ್ತವರಿದ್ದರು, ಹುಟ್ಟದೇ ಇದ್ದವರೂ ಇದ್ದರು. ಬಾಡಿಗೆಯವರು, ಶೆಡ್ಡುಗಳಲ್ಲಿದ್ದ ಕೂಲಿಯವರು ಇರಲಿಲ್ಲ. ವಾಲ್ವಿನ ಚಾವಿ ಯಾರ ಕೈಯಲ್ಲಿದೆಯೋ ಅವರಿಗೆ ಫೋನ್ ಮಾಡಬಲ್ಲವರ ಸಂಪು ತುಂಬುತ್ತಿತ್ತು. ಅದಕ್ಕೇ 'ಸಮಪಾಲು' ಎಂಬ ನೀರು ಹಂಚುವ ಯಂತ್ರ ಬಂದಾಗ ಜನ ಎರಡೇ ಮಾತು ಕೇಳಿದರು: ಪಟ್ಟಿ ಬೇಡ, ಚಾವಿಯೂ ಯಾರ ಕೈಯಲ್ಲೂ ಬೇಡ. ಪೈಪುಗಳಿಗೆ ಸಣ್ಣ ಕಿವಿಗಳನ್ನು ಅಂಟಿಸಿದರು. ಒಬ್ಬರು ನಲ್ಲಿಯನ್ನು ಒಂದೇ ಸಲಕ್ಕೆ ತಿರುಗಿಸುತ್ತಾರೆ, ಇನ್ನೊಬ್ಬರು ಎರಡು ಸಲಕ್ಕೆ. ಒಬ್ಬರು ಹಲ್ಲುಜ್ಜುವಾಗ ನಿಲ್ಲಿಸುತ್ತಾರೆ, ಇನ್ನೊಬ್ಬರು ಬಿಟ್ಟೇ ಇರುತ್ತಾರೆ. ಆ ಏರಿಳಿತ ಕೇಳಿ ಯಂತ್ರ ಜನರನ್ನು ಎಣಿಸುತ್ತಿತ್ತು, ತಲೆಗೆ ಎಪ್ಪತ್ತು ಲೀಟರು ತಾನೇ ಬಿಡುತ್ತಿತ್ತು. ಅದರ ತಳದಲ್ಲಿದ್ದ ನಿಯಮವನ್ನು ಬರೆದವಳು ಭೂಮಿಕಾ. ಮನುಷ್ಯರು ನೀರನ್ನು ಎಂದೂ ಒಂದೇ ಸಮನೆ ಬಳಸುವುದಿಲ್ಲ. ಒಂದೇ ಸಮನೆ ಸುರಿಯುವುದು ತೂತು ಮಾತ್ರ.

ಮೂರು ವರ್ಷದಲ್ಲಿ ಟ್ಯಾಂಕರುಗಳು ರಸ್ತೆಯಿಂದ ಮಾಯವಾದವು. ಈ ನಿಯಮ ತಪ್ಪಾಗಬಹುದೆಂದು ಯಾರಿಗೂ ಅನಿಸಿರಲಿಲ್ಲ.

ನಿಯಂತ್ರಣ ಕೊಠಡಿಯಲ್ಲಿ ಎಲ್ಲರೂ ಒಮ್ಮೆ ಎದ್ದು ನಿಂತು ಮತ್ತೆ ಕೂತರು. ಮುಖ್ಯಸ್ಥ ಕೃಪಾಕರ್ ತಾವೇ ಒಂದು ಲೋಟ ಮಜ್ಜಿಗೆ ತಂದು ಅವಳ ಮುಂದಿಟ್ಟರು. "ಇಷ್ಟು ಬೇಗ ಬರಬೇಕಾಗಿರಲಿಲ್ಲಮ್ಮ."

"ಮನೇಲಿ ಕೆಲಸ ಇರಲಿಲ್ಲ ಸರ್."

ಗೋಡೆಯ ಮೇಲೆ ಜಲಾಶಯದ ಮಟ್ಟ ಬರೆದಿತ್ತು. ನಲವತ್ತೊಂದು ದಿನದ ನೀರು ಉಳಿದಿತ್ತು. ಅದರ ಕೆಳಗೆ ಮುಚ್ಚಬೇಕಾದ ಸೋರಿಕೆಗಳ ಪಟ್ಟಿ. ಸೋರಿಕೆ ಗೊತ್ತಾಗಿ ನಲವತ್ತೈದು ದಿನದೊಳಗೆ ದುರಸ್ತಿಯಾಗದಿದ್ದರೆ ಯಂತ್ರ ಆ ಕವಲು ಪೈಪಿನ ವಾಲ್ವನ್ನು ತಾನಾಗಿ ಮುಚ್ಚುತ್ತದೆ. ಮೊದಲ ಸಾಲೇ ಕೆಂಪಾಗಿತ್ತು: ಕೋಡಿಪಾಳ್ಯ ಕವಲು. ಜನ: ಸೊನ್ನೆ. ಸೋರಿಕೆ: ದಿನಕ್ಕೆ ಅರವತ್ತೇಳು ಸಾವಿರ ಲೀಟರು. ಮುಚ್ಚುಗಡೆ: ಶುಕ್ರವಾರ ಬೆಳಿಗ್ಗೆ ಹತ್ತು.

ಇವತ್ತು ಬುಧವಾರ.

ಒಂದೂವರೆ ತಿಂಗಳ ಹಿಂದೆ ಆ ಕವಲಿಗೂ ಕಿವಿ ಅಂಟಿಸಿದಾಗ ಆ ಸಾಲನ್ನು ಮೊದಲು ಗುರುತಿಸಿದ್ದು ಭೂಮಿಕಾಳೇ. ತೂತನ್ನು ಹುಡುಕಲು ಹೋದವನು ಲೋಹಿತ್. ಮೂರು ಸಲ ಹೋಗಿ ಬರಿಗೈಯಲ್ಲಿ ಬಂದಿದ್ದ. "ತೂತಿದ್ರೆ ಸಿಳ್ಳೆ ಹಾಕುತ್ತೆ ಕಣೇ. ಅಲ್ಲಿ ಸಿಳ್ಳೇನೇ ಇಲ್ಲ. ಮನೆಗಳಿವೆ, ಜನ ಇದ್ದಾರೆ," ಎಂದಿದ್ದ ಊಟಕ್ಕೆ ಕೂತಾಗ.

"ಜನ ಇದ್ದಿದ್ರೆ ಬೆಳಿಗ್ಗೆ ಹೊತ್ತು ಬಳಕೆಯ ಗೆರೆ ಏರಬೇಕಿತ್ತು. ಅದು ಗೋಡೆಗೆ ಹೊಡೆದ ದಾರದ ಹಂಗಿದೆ. ಅವರು ಹಳೇ ಬೋರ್‌ವೆಲ್ ನೀರು ಕುಡೀತಿರಬೇಕು, ನಮ್ಮದು ನೆಲಕ್ಕೆ ಹೋಗ್ತಿದೆ. ನಿನ್ನ ಉಪಕರಣ ಸರಿಯಿಲ್ಲ. ಇನ್ನೊಂದು ಸಲ ಕೇಳು."

ಇನ್ನೊಂದು ಸಲ ಕೇಳಲೆಂದು ಅವನು ಯಾರಿಂದಲೋ ಹಳೆಯ ಸಲಾಕೆ ತಂದ. ಮಾರನೆಯ ದಿನ ಬೆಳಿಗ್ಗೆ ಹೋದ. ಒಂಬತ್ತಕ್ಕೆ ಅವಳು ಫೋನ್ ಮಾಡಿದಳು: ಹತ್ತೂವರೆಗೆ ಸಭೆ ಇದೆ, ಅಷ್ಟರೊಳಗೆ ಹೇಳು. ಕವಲು ಶುರುವಾಗುವಲ್ಲಿನ ವಾಲ್ವಿನ ಗುಂಡಿಯ ಮುಚ್ಚಳ ತೆಗೆದು ಅವನು ಒಳಗಿಳಿದ. ಗುಂಡಿಯೊಳಗೆ ಉಸಿರಾಡುವ ಗಾಳಿ ಇರಲಿಲ್ಲ.

"ಲೋಹಿತ್ ವರದಿ ಕೊಡಲಿಲ್ಲ," ಎಂದಳು ಭೂಮಿಕಾ.

ಕೃಪಾಕರ್ ತಲೆ ತಗ್ಗಿಸಿದರು. "ಹೇಗೆ ಕೊಡ್ತಾನಮ್ಮ... ವರದಿ ಇಲ್ಲ ಅಂದ್ರೆ ದುರಸ್ತಿ ಆಗಿಲ್ಲ ಅಂತಲೇ ಯಂತ್ರದ ಅರ್ಥ."

"ಅಲ್ಲಿ ಜನ ಇದ್ದರೆ?"

"ಕಂದಾಯದ ಕಾಗದದಲ್ಲಿ ಅದು ಕೆರೆಯಂಗಳ. ಯಂತ್ರದ ಪ್ರಕಾರ ಸೊನ್ನೆ. ನಾನೇನು ಮಾಡಲಿ? ಚಾವಿ ನನ್ನ ಹತ್ತಿರ ಇದೆಯಾ?" ಧ್ವನಿ ತಗ್ಗಿಸಿದರು. "ನೀನು ಬೇಕಾದರೆ ಒಳಗೆ ಹೋಗಿ ಆ ಸಾಲು ಅಳಿಸಬಲ್ಲೆ, ನನಗೆ ಗೊತ್ತು. ಒಂದು ಸಲ ಅಳಿಸಿದರೆ ನಾಳೆ ಸಂಜೆಯೊಳಗೆ ನನಗೆ ಹತ್ತು ಫೋನ್ ಬರುತ್ತೆ. ಮತ್ತೆ ಆ ಕಾಲಕ್ಕೇ ಹೋಗ್ತೀವಿ."

ಅದು ನಿಜವೆಂದು ಅವಳಿಗೂ ಗೊತ್ತಿತ್ತು. ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟಳು. ಸುಮ್ಮನೆ ತನ್ನ ಮನೆಯ ಮೀಟರಿನ ಗೆರೆ ತೆಗೆದು ನೋಡಿದಳು. ಐದೂ ನಲವತ್ತಕ್ಕೆ ಅಲ್ಲೊಂದು ಗುಡ್ಡ, ಅದರ ಪಕ್ಕ ಲೋಹಿತನ ಗುರುತಿನ ಸಂಖ್ಯೆ. ಸತ್ತವನನ್ನು ಯಂತ್ರ ಬದುಕಿದ್ದಾನೆಂದು ಬರೆದುಕೊಂಡಿತ್ತು. ಅವಳ ಕೈಯ ಒಂದು ಅಭ್ಯಾಸ ಅಷ್ಟಕ್ಕೆ ಸಾಕಾಗಿತ್ತು.

ಹಾಗಿದ್ದರೆ ಬದುಕಿರುವವರನ್ನು ಇಲ್ಲವೆಂದು ಬರೆಯಲು ಎಂಥ ಅಭ್ಯಾಸ ಬೇಕು?

ಕೋಡಿಪಾಳ್ಯದ ಗೆರೆಯನ್ನು ಹಿಗ್ಗಿಸಿದಳು. ಹತ್ತು ಪಟ್ಟು, ನೂರು ಪಟ್ಟು, ಯಂತ್ರ ಗದ್ದಲವೆಂದು ಒರೆಸಿಹಾಕುವ ಮಟ್ಟಕ್ಕಿಂತಲೂ ಕೆಳಗೆ. ದಾರದ ಮೇಲೆ ಕೂದಲೆಳೆಯಷ್ಟು ಮುಳ್ಳುಗಳು ಕಂಡವು. ಒಂದರಿಂದ ಇನ್ನೊಂದಕ್ಕೆ ಆರು ನಿಮಿಷ. ಹಗಲೂ ರಾತ್ರಿ ಆರೇ ನಿಮಿಷ. ಎಣಿಸಿದಳು: ದಿನಕ್ಕೆ ಇನ್ನೂರ ನಲವತ್ತು. ಯಾವ ತೂತೂ ಆರು ನಿಮಿಷಕ್ಕೊಮ್ಮೆ ಬಿಕ್ಕುವುದಿಲ್ಲ.

ಕೋಡಿಪಾಳ್ಯ ನಗರದ ಆಗ್ನೇಯಕ್ಕಿತ್ತು. ಹಿಂದೆ ಅಲ್ಲಿ ಕೆರೆಯಿತ್ತು, ಹೆಚ್ಚಾದ ನೀರು ಹೊರಬೀಳುವ ಕೋಡಿಯ ಪಕ್ಕದಲ್ಲಿ ನೀರುಗಂಟಿಗಳ ಮನೆಗಳಿದ್ದವು. ಕೆರೆಯ ತೂಬು ತೆಗೆದು ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವುದು ಅವರ ಕೆಲಸ. ಈಗ ಕೆರೆಯಿಲ್ಲ, ಬಸ್ ಡಿಪೋ ಇದೆ. ಮನೆಗಳು ಉಳಿದಿದ್ದವು, ಎಂಟು ಸಾಲು, ತಗಡು ಮತ್ತು ಆರ್‌ಸಿಸಿ ಬೆರೆತವು.

ಮಧ್ಯಾಹ್ನ ಮೂರಕ್ಕೆ ಭೂಮಿಕಾ ಮೊದಲ ಸಾಲಿನಲ್ಲಿ ನಿಂತಾಗ, ಒಂದು ಮನೆಯಿಂದ ನಡುವಯಸ್ಸಿನ ಹೆಂಗಸೊಬ್ಬಳು ಸಣ್ಣ ಸ್ಟೀಲ್ ಬಕೆಟ್ಟು ಹಿಡಿದು ಹೊರಬಂದು ಪಕ್ಕದ ಬಾಗಿಲು ತಟ್ಟಿದಳು. ಪಕ್ಕದವರು ತಮ್ಮ ನಲ್ಲಿ ತೆರೆದರು. ಅದು ಹರಿಯುವುದು ಕೇಳಿಸಿದ ಮೇಲೆ ಇವಳು ಒಳಗೆ ಓಡಿ ತನ್ನದನ್ನು ಮುಚ್ಚಿದಳು. ಬಕೆಟ್ಟು ಈಗ ಆ ಮನೆಯ ಹೊಸ್ತಿಲ ಮೇಲಿತ್ತು. ಅದರ ನೀರಿನಲ್ಲಿ ಅಂಗೈಯಷ್ಟು ಹಿತ್ತಾಳೆ ಬಟ್ಟಲೊಂದು ತೇಲುತ್ತಿತ್ತು. ತಳದಲ್ಲಿ ಸೂಜಿಮೊನೆಯಷ್ಟು ರಂಧ್ರ. ಬಟ್ಟಲು ಸ್ವಲ್ಪಸ್ವಲ್ಪವೇ ನೀರು ಕುಡಿಯುತ್ತ ಇಳಿಯುತ್ತಿತ್ತು.

ಭೂಮಿಕಾ ಗಡಿಯಾರ ನೋಡುತ್ತ ನಿಂತಳು. ಬಟ್ಟಲು ಮುಳುಗಿತು. ಆರು ನಿಮಿಷ. ಇನ್ನೊಂದು ಬಾಗಿಲು ತಟ್ಟಿದ ಸದ್ದು.

"ಯಾರ್ ನೀವು? ಮೀಟರ್‌ನೋರಾ?" ಆ ಹೆಂಗಸು ಸೊಂಟಕ್ಕೆ ಕೈಯಿಟ್ಟು ಕೇಳಿದಳು. "ಇಲ್ಲೇನೂ ನೋಡಾಂಗಿಲ್ಲ, ಹೋಗ್ರಿ."

"ರತ್ನಮ್ಮ, ಸುಮ್ಕಿರು," ಎಂದಿತು ಒಂದು ದನಿ. ಬಾಗಿಲ ಕಟ್ಟೆಯ ಮೇಲೆ ತಲೆಗೆ ಟವೆಲು ಸುತ್ತಿದ ಎಪ್ಪತ್ತೈದರ ಮುದುಕ ಕೂತಿದ್ದ. "ಆ ಹುಡುಗನ ಮನೆಯೋರು ಅವ್ರು. ಆವತ್ತು ಆಸ್ಪತ್ರೆ ತಾವ ನೋಡಿದ್ದೆ." ಎದ್ದು ನಿಂತು ಕೈಮುಗಿದ. "ನಾನು ಪಿಳ್ಳಪ್ಪ, ತಾಯಿ. ಅವರನ್ನ ಮೇಲಕ್ಕೆ ಎತ್ತಿದೋನು ನಾನೇ."

ಭೂಮಿಕಾ ಕೈಮುಗಿದಳು. ಆಮೇಲೆ ಕೆಲಸದ ಮಾತನ್ನೇ ಕೇಳಿದಳು. "ಈ ಸರದಿ ಎಷ್ಟು ವರ್ಷದಿಂದ?"

"ಪೈಪು ಹಾಕ್ದಾಗಿಂದ. ನಲವತ್ತು ವರ್ಸ. ಎರಡಿಂಚು ಪೈಪು, ಇನ್ನೂರ ನಲವತ್ತು ಮನೆ. ಎಲ್ರೂ ತೆಗೆದ್ರೆ ಯಾರಿಗೂ ಇಲ್ಲ. ನಮ್ಮಪ್ಪ ಗದ್ದೆಗೆ ಬಿಡ್ತಿದ್ದ ಬಟ್ಟಲು ಇದು, ನಾನು ಮನೆಗೆ ಬಿಡ್ತೀನಿ. ಈ ವಾರ ರಾತ್ರಿ ಎದ್ದೋರಿಗೆ ಮುಂದಿನ ವಾರ ಹಗಲು. ಒಂದು ತೊಟ್ಟು ಹೆಚ್ಚಿಲ್ಲ, ಕಮ್ಮಿಯಿಲ್ಲ."

"ಲೋಹಿತ್‌ಗೆ ಯಾಕೆ ಹೇಳಲಿಲ್ಲ?"

"ಹಿಂದೊಬ್ಬ ಸಾಹೇಬರು ಇದೆಲ್ಲ ಕಾನೂನಿಲ್ಲ ಅಂತ ಬಟ್ಟಲು ಎತ್ಕೊಂಡು ಹೋಗಿದ್ರು. ಆರು ತಿಂಗಳು ಅಲೆದು ಬಿಡಿಸ್ಕೊಂಡು ಬಂದೆ. ಆಮ್ಯಾಕೆ ಆಫೀಸ್‌ನೋರು ಬಂದಾಗ ಬಕೆಟ್ಟಿಗೆ ಒಂದು ತಟ್ಟೆ ಮುಚ್ಚಿಬಿಡ್ತೀವಿ." ಮುದುಕ ನೆಲ ನೋಡಿದ. "ಆ ಹುಡುಗನಿಗೆ ಹೇಳ್ಬೋದಾಗಿತ್ತು. ಒಳ್ಳೇನು. ನಾಳೆ ಹೇಳಾನ ಅನ್ಕಂಡಿದ್ದೆ."

ಅವಳು ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಶುಕ್ರವಾರ ಹತ್ತು ಗಂಟೆಗೆ ಈ ಪೈಪು ಮುಚ್ಚುತ್ತದೆ. ತೂತು ಸರಿಹೋದರೆ ಮಾತ್ರ ಮತ್ತೆ ತೆರೆಯುತ್ತದೆ. ಇಲ್ಲಿ ತೂತೇ ಇಲ್ಲದ್ದರಿಂದ ಅದು ಎಂದಿಗೂ ಸರಿಹೋಗುವುದಿಲ್ಲ.

"ನಾವು ತೂತಾ?" ರತ್ನಮ್ಮ ನಕ್ಕಳು, ನಗು ಅರ್ಧಕ್ಕೇ ನಿಂತಿತು. "ಒಂಬೈನೂರ ಚಿಲ್ಲರೆ ಜನ ಇದೀವಿ ಕಣ್ರೀ!"

"ನೀವು ಒಂದೇ ಸಮ ಇದ್ದೀರಿ. ಅದಕ್ಕೆ ಯಂತ್ರಕ್ಕೆ ಕೇಳಿಸ್ತಿಲ್ಲ. ನಾಳೆ ಬೆಳಿಗ್ಗೆ ಐದರಿಂದ ಒಂಬತ್ತರವರೆಗೆ ಸರದಿ ಬಿಡಿ. ಬೇರೆ ಬಡಾವಣೆಯವರ ಹಾಗೆ, ಯಾರಿಗೆ ಬೇಕಾದಾಗ ಅವರು ತೆಗೆಯಲಿ, ಮುಚ್ಚಲಿ."

ಪಿಳ್ಳಪ್ಪ ಸಾಲುಗಳ ಕೊನೆಯ ಕಡೆ ಕೈ ತೋರಿಸಿದ. "ಕೊನೇ ಸಾಲಿಗೆ ತೊಟ್ಟು ಹೋಗಾಕಿಲ್ಲ. ಜಗಳ ಬೀಳ್ತಾರೆ."

"ಬೀಳಬೇಕು ತಾತ."

"ನಲವತ್ತು ವರ್ಸ ಜಗಳ ಆಗ್ದಂಗೆ ನೋಡ್ಕೊಂಡಿದ್ದಕ್ಕೆ ನೀರು ನಿಲ್ಲಿಸ್ತಾರಾ? ಎಂಥ ಯಂತ್ರ ತಾಯಿ ಅದು? ಯಾರು ಮಾಡಿದ್ದು?"

"ನಾನು," ಎಂದಳು ಭೂಮಿಕಾ.

ಗುರುವಾರ ಬೆಳಿಗ್ಗೆ ಐದಕ್ಕೇ ಅವಳು ಪರದೆಯ ಮುಂದೆ ಕೂತಿದ್ದಳು. ಐದಾಯಿತು, ಆರಾಯಿತು, ಏಳಾಯಿತು. ಊರಿನ ಬೇರೆಲ್ಲ ಬಡಾವಣೆಗಳ ಗೆರೆ ಗುಡ್ಡದಂತೆ ಎದ್ದು ನಿಂತಿದ್ದರೆ ಕೋಡಿಪಾಳ್ಯದ ದಾರ ಮಿಸುಕಲಿಲ್ಲ. ಒಂಬತ್ತಕ್ಕೆ ರತ್ನಮ್ಮನಿಗೆ ಫೋನ್ ಮಾಡಿದಳು.

"ಏನಾಯ್ತು? ಯಾಕೆ ಯಾರೂ ತೆಗೆಯಲಿಲ್ಲ?"

"ತೆಗೀಬೇಕು ಅಂತ ಎಲ್ಲ ನಲ್ಲಿ ಮುಂದೆ ಬಂದು ನಿಂತಿದ್ವಿ ಕಣವ್ವ," ರತ್ನಮ್ಮನ ದನಿ ತಪ್ಪು ಮಾಡಿದ ಮಗುವಿನದಾಗಿತ್ತು. "ಬಟ್ಟಲು ಇನ್ನೂ ಐದನೇ ಸಾಲಲ್ಲಿತ್ತು. ಬಟ್ಟಲು ಬರದೆ ಹೆಂಗೆ ತಿರುಗಿಸೋದು? ಕೈಯೇ ಬರಲಿಲ್ಲ. ಏಳನೇ ಸಾಲಿನ ಒಬ್ಬ ತೆಗೆಯಾಕೆ ಹೋದ, ತಾತ ಕಟ್ಟೆ ಮ್ಯಾಲಿಂದ ನೋಡಿದ್ರು ನೋಡಿ, ಹಂಗೇ ಬಿಟ್ಟ."

ಭೂಮಿಕಾಗೆ ನಗಬೇಕೆನಿಸಿತು. ಹನ್ನೆರಡು ದಿನದಲ್ಲಿ ಮೊದಲ ಸಲ. ಅದರ ಬೆನ್ನಿಗೇ ಕೆಂಪು ಸಾಲು ಕಣ್ಣಿಗೆ ಬಿತ್ತು. ಇನ್ನು ಉಳಿದಿರುವುದು ಒಂದೇ ಬೆಳಿಗ್ಗೆ.

"ತಾತನಿಗೆ ಫೋನ್ ಕೊಡಿ," ಎಂದಳು. "ತಾತ, ನಾಳೆ ಬೆಳಿಗ್ಗೆ ಬಟ್ಟಲು ಊರೊಳಗಿರಬಾರದು. ನೀವೂ ಇರಬಾರದು. ಐದಕ್ಕೆ ಮುಂಚೆ ಗಾಡಿ ತರ್ತೀನಿ. ಬಟ್ಟಲು ಎತ್ಕೊಂಡು ನನ್ನ ಜೊತೆ ಬಂದುಬಿಡಿ."

"ಒಗೆದ ಪಂಚೆ ಉಟ್ಕೊಂಡ್ ಬತ್ತೀನಿ," ಎಂದ ಪಿಳ್ಳಪ್ಪ.

ಶುಕ್ರವಾರ ಗಾಡಿ ತರಬೇಕೆಂದು ಅವಳು ಇನ್ನೂ ಮುಂಚೆ ಎದ್ದಳು. ಎದ್ದವಳ ಕೈ ಮತ್ತೆ ನೀಲಿ ಬಕೆಟ್ಟಿಗೆ ಹೋಯಿತು. ಈ ಸಲ ಗೊತ್ತಿದ್ದೇ ತುಂಬಿಸಿದಳು. ಅಂಬುಜಮ್ಮ ನೋಡಿಯೂ ನೋಡದವರಂತೆ ಒಲೆಯ ಕಡೆ ತಿರುಗಿದರು.

ನಿಯಂತ್ರಣ ಕೊಠಡಿಯ ತಿರುಗುವ ಕುರ್ಚಿಯಲ್ಲಿ ಪಿಳ್ಳಪ್ಪ ಅಲ್ಲಾಡದೆ ಕೂತಿದ್ದ, ಅದು ತಿರುಗಿಬಿಟ್ಟೀತೆಂಬ ಭಯದಲ್ಲಿ. ಟವೆಲಿನಲ್ಲಿ ಸುತ್ತಿದ ಬಟ್ಟಲು ತೊಡೆಯ ಮೇಲಿತ್ತು. ಕೃಪಾಕರ್ ಕೂಡ ಬೇಗ ಬಂದಿದ್ದರು, ಏನೂ ಕೇಳದೆ ಹಿಂದೆ ನಿಂತಿದ್ದರು.

ಐದಕ್ಕೆ ದಾರ ಒಮ್ಮೆ ನಡುಗಿತು. ಮೇಲೇರಿತು. ಏರಿ, ಇನ್ನೊಂದು ದಾರವಾಗಿ ಮಲಗಿತು.

"ಏನದು?" ಎಂದರು ಕೃಪಾಕರ್.

ಭೂಮಿಕಾಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಎಲ್ಲರೂ ಒಟ್ಟಿಗೆ ತೆರೆದಿದ್ದಾರೆ. ಎರಡಿಂಚಿನ ಪೈಪು, ಅದು ಕೊಡಬಹುದಾದಷ್ಟನ್ನೂ ಕೊಡುತ್ತಿದೆ, ಒಂದೇ ಸಮ. ಯಂತ್ರ ಆಗಲೇ ಬರೆದಾಗಿತ್ತು: ಸೋರಿಕೆ ಹೆಚ್ಚಿದೆ.

ಆರು. ಏಳು. ಎಂಟು. ನೀರು ಬಾರದ ಕೊನೆಯ ಸಾಲುಗಳಲ್ಲಿ ತೆರೆದ ನಲ್ಲಿಗಳು ತೆರೆದೇ ಇದ್ದವು. ಮೇಲಿನ ಸಾಲಿನವರು ಡ್ರಮ್ಮು, ಕೊಡ, ಪಾತ್ರೆ ಎಲ್ಲ ತುಂಬಿಸುತ್ತಲೇ ಇದ್ದರು. ಪಿಳ್ಳಪ್ಪ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದ.

"ಅವನೂ ಆವತ್ತು ಹಿಂಗೇ," ಎಂದ ಇದ್ದಕ್ಕಿದ್ದ ಹಾಗೆ. "ಕೈ ಗಡಿಯಾರ ನೋಡೋದು, ಗುಂಡಿ ನೋಡೋದು. ಹತ್ತೂವರೆ ಒಳಗೆ ಹೇಳ್ಬೇಕು ತಾತ ಅಂತಿದ್ದ."

ಭೂಮಿಕಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಆ ಫೋನ್ ಮಾಡಿದ್ದು ನಾನೇ."

ಕೃಪಾಕರ್ ಮುಖ ಆ ಕಡೆ ತಿರುಗಿಸಿದರು. ಪಿಳ್ಳಪ್ಪ ಟವೆಲಿನ ಗಂಟನ್ನು ಬಿಗಿ ಮಾಡಿದ, ಮತ್ತೆ ಸಡಿಲ ಮಾಡಿದ.

"ಮುಚ್ಚಳ ತೆಗೆದು ಅರ್ಧ ಗಂಟೆ ಬಿಡು, ಒಳಗಿನ ಗಾಳಿ ಆಚೆ ಹೋಗ್ಲಿ ಅಂದೆ. ಆಗ್ಲಿ ಅಂದ. ನಾನು ಟೀ ತರಾಕೆ ಆ ಕಡೆ ತಿರುಗಿದೆ." ಅವನು ತಲೆಯಾಡಿಸಿದ. "ಫೋನ್ ಮಾಡಿದೋಳು ನೀನು. ಟೀಗೆ ಹೋದೋನು ನಾನು. ಇಳಿದೋನು ಅವ್ನು. ಇದನ್ನ ಹೆಂಗೆ ಹಂಚ್ತೀಯ ಮಗ? ಇದಕ್ಕೆ ಬಟ್ಟಲಿಲ್ಲ."

ಅವಳು ಉತ್ತರ ಕೊಡುವುದರೊಳಗೆ ದಾರ ತುಂಡಾಯಿತು.

ಎಂಟೂ ಐವತ್ತು. ಗೆರೆ ಒಮ್ಮೆಲೇ ಕುಸಿದು, ಮೇಲೆದ್ದು, ಮತ್ತೆ ಕುಸಿಯಿತು. ಭೂಮಿಕಾ ಫೋನ್ ಎತ್ತಿ ಸ್ಪೀಕರಿಗೆ ಹಾಕಿದಳು. ರತ್ನಮ್ಮ ಮಾತಾಡಬೇಕಿರಲಿಲ್ಲ. ಹಿಂದಿನ ಗಲಾಟೆಯೇ ಎಲ್ಲ ಹೇಳುತ್ತಿತ್ತು.

"ನಿಮ್ಮನೆ ಡ್ರಮ್ಮಿಗೆ ಬೆಂಕಿ ಬೀಳ! ನಮಗೊಂದ್ ಚೊಂಬಿಲ್ಲ, ನೀನು ಅಂಗಳ ತೊಳೀತಿದೀಯಾ?"

"ಏಯ್, ನಮ್ಮ ನಲ್ಲಿ ಮುಟ್ಟಿದ್ರೆ ನೋಡು!"

"ಮುಟ್ತೀನಿ, ಏನ್ ಮಾಡ್ಕೋತೀಯ?"

ಏನೋ ಒಡೆದ ಸದ್ದು. ಕೊನೆಯ ಸಾಲಿನವರು ಮೇಲಿನ ಸಾಲಿಗೆ ನುಗ್ಗಿ ಒಂದೊಂದೇ ನಲ್ಲಿ ಮುಚ್ಚುತ್ತಿದ್ದರು. ಇವರು ಹೋದೊಡನೆ ಅವರು ಮತ್ತೆ ತೆರೆಯುತ್ತಿದ್ದರು. ಪರದೆಯ ಮೇಲೆ ಗೆರೆ ಹುಚ್ಚುಹಿಡಿದಂತೆ ಕುಣಿಯುತ್ತಿತ್ತು.

ಪಿಳ್ಳಪ್ಪ ಕುರ್ಚಿ ಬಿಟ್ಟು ಎದ್ದು ಬಂದು ಪರದೆಗೆ ಬೆರಳಿಟ್ಟ. "ಇದು ರತ್ನಮ್ಮ. ಒಂದೇ ಸಲ ತಿರುಗಿಸೋದು ಅವ್ಳು, ನಲ್ಲಿ ಕಿತ್ತು ಬರೋ ಹಂಗೆ." ಬೆರಳು ಜಾರಿತು. "ಇದು ಗೂರಲು ಯಲ್ಲಪ್ಪ. ತೆಗೀತಾನೆ, ಕೆಮ್ಮಕೆ ನಿಲ್ಲಿಸ್ತಾನೆ, ತೆಗೀತಾನೆ. ಇದು ನಮ್ಮ ಸೊಸೆ... ಅವ್ಳೂನಾ? ಅವ್ಳೂ ಮೂರು ಸಲ ತೆಗೆದ್ಲಲ್ಲ!" ಅವನ ಕಣ್ಣಲ್ಲಿ ನೀರಿತ್ತು. ಅದು ಅವಮಾನದ್ದೋ ಖುಷಿಯದ್ದೋ ಹೇಳುವಂತಿರಲಿಲ್ಲ.

ಒಂಬತ್ತೂ ಕಾಲು. ಜನ: ಸೊನ್ನೆ.

ಒಂಬತ್ತೂವರೆ. ಜನ: ಸೊನ್ನೆ. ಯಂತ್ರ ಒಂದು ಗಂಟೆಯ ಗೆರೆಯನ್ನು ನೋಡದೆ ಮನಸ್ಸು ಬದಲಿಸುವುದಿಲ್ಲ. ಅದು ಕೂಡ ಅವಳೇ ಬರೆದ ನಿಯಮ. ಎಂಟೂ ಐವತ್ತಕ್ಕೆ ಒಂದು ಗಂಟೆ ಸೇರಿಸಿದರೆ ಒಂಬತ್ತೂ ಐವತ್ತು. ಅಲ್ಲಿಯವರೆಗೆ ಜಗಳ ನಿಲ್ಲಬಾರದು.

ಒಂಬತ್ತೂ ನಲವತ್ತಕ್ಕೆ ಫೋನಿನಲ್ಲಿ ಯಾರೋ ಹಿರಿಯರು ಕೂಗಿದ್ದು ಕೇಳಿಸಿತು: "ಸಾಕು ನಿಲ್ಸ್ರೋ, ಮಾನ ಮರ್ಯಾದೆ ಇಲ್ವಾ!" ಗೆರೆ ತಗ್ಗಿತು. ಭೂಮಿಕಾ ಕುರ್ಚಿಯ ಕೈ ಹಿಡಿದುಕೊಂಡಳು.

ಪಿಳ್ಳಪ್ಪ ಫೋನಿನ ಹತ್ತಿರ ಬಗ್ಗಿದ. ನಲವತ್ತು ವರ್ಷ ಸರದಿ ಕಾದ ಆ ದನಿ ಕೊಠಡಿಯ ಗಾಜು ನಡುಗುವಂತೆ ಗುಡುಗಿತು. "ನಾನು ಪಿಳ್ಳಪ್ಪ! ಯಾವನೋ ಅವ್ನು ನಿಲ್ಸು ಅಂದೋನು? ಇನ್ನೂ ಹತ್ತು ನಿಮಿಷ ಇದೆ. ತೆಗೀರಿ ನಲ್ಲಿನಾ! ಬಡ್ಕಳ್ರಿ!"

ಗೆರೆ ಮತ್ತೆ ಎದ್ದಿತು.

ಒಂಬತ್ತೂ ಐವತ್ತಕ್ಕೆ ಕೆಂಪು ಸಾಲು ಒಮ್ಮೆ ಮಿನುಗಿತು. ಜನ: ಇನ್ನೂರ ಹನ್ನೆರಡು. ಆಮೇಲೆ ಆರುನೂರ ನಲವತ್ತು. ಆಮೇಲೆ ಒಂಬೈನೂರ ಎಂಬತ್ತೆರಡು. ಸಾಲು ಪಟ್ಟಿಯಿಂದ ಅಳಿಸಿಹೋಗಿ, ಅದರ ಜಾಗಕ್ಕೆ ಎರಡನೆಯ ಸ್ಥಾನದಲ್ಲಿದ್ದ ಯಾವುದೋ ಚರಂಡಿ ಪಕ್ಕದ ಪೈಪು ಬಂತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೃಪಾಕರ್ ಕುರ್ಚಿಯೊಂದಕ್ಕೆ ಕುಸಿದು ಕೂತರು. ಫೋನಿನಲ್ಲಿ ಜಗಳ ಮುಂದುವರಿದೇ ಇತ್ತು. ಅವರಿಗೆ ಯಾರೂ ಇನ್ನೂ ಹೇಳಿರಲಿಲ್ಲ.

"ಒಂಬೈನೂರ ಎಂಬತ್ಮೂರು," ಎಂದ ಪಿಳ್ಳಪ್ಪ. "ನಾನು ಇಲ್ಲಿದೀನಲ್ಲ."

ಮಧ್ಯಾಹ್ನ ಅವನನ್ನು ವಾಪಸ್ ಬಿಟ್ಟುಬರುವಾಗ ಭೂಮಿಕಾ ಹೇಳಿದಳು: ಆರು ನಿಮಿಷದ ಮುಳ್ಳನ್ನು ಗುರುತಿಸುವುದನ್ನು ಯಂತ್ರಕ್ಕೆ ಕಲಿಸುತ್ತೇನೆ, ಮಾರ್ಚ್ ತಿಂಗಳವರೆಗೆ ಸಮಯ ಬೇಕು. ಅಲ್ಲಿಯವರೆಗೆ ಬೆಳಿಗ್ಗೆ ಎರಡು ಗಂಟೆ ಬಟ್ಟಲು ಒಳಗಿರಲಿ.

"ಎರಡು ಗಂಟೆ ಜಗಳ, ಇಪ್ಪತ್ತೆರಡು ಗಂಟೆ ನ್ಯಾಯ," ಮುದುಕ ಗೊಣಗಿದ. "ನಾಳೆಯಿಂದ ಒಡೆದ ಕೊಡಗಳ ಪಂಚಾಯ್ತಿ ಬೇರೆ."

ಶನಿವಾರ ಐದೂ ನಲವತ್ತಕ್ಕೆ ಅವಳು ಬಚ್ಚಲಿಗೆ ಹೋದಳು. ನೀಲಿ ಬಕೆಟ್ಟನ್ನು ಎತ್ತಿ ಕವುಚಿ ಹಾಕಿದಳು. ಹೊರಗೆ ಬಂದು ಕೂತಳು. ಎಂಟರ ಹೊತ್ತಿಗೆ ಮೀಟರು ಒಮ್ಮೆ ಕಪ್ಪಾಗಿ, ಮತ್ತೆ ಬೆಳಗಿತು. ಈ ಮನೆಯಲ್ಲಿ ಇಬ್ಬರು. ಇಂದಿನ ಪಾಲು ನೂರ ನಲವತ್ತು ಲೀಟರು.

ಅಂಬುಜಮ್ಮ ಮೀಟರಿನ ಗಾಜನ್ನು ಸೆರಗಿನಿಂದ ಒರೆಸಿದರು, ಅದರ ಮೇಲೆ ಏನೋ ಅಂಟಿದೆಯೆಂಬಂತೆ. "ಅದಕ್ಕೂ ಗೊತ್ತಾಯ್ತು," ಎಂದರು. ಬಾಗಿಲ ಸಂದಿಯ ಕಡೆ ತಿರುಗಿ, "ಆ ಸಲಾಕೆ ಕೊಟ್ಟು ಬಾ ಭೂಮಿ. ಪರರ ಸಾಮಾನು," ಎಂದರು.

ಸಲಾಕೆ ಅಂದುಕೊಂಡಿದ್ದಕ್ಕಿಂತ ಭಾರವಾಗಿತ್ತು. ಬಸ್ಸಿನಲ್ಲಿ ಕಂಡಕ್ಟರು, "ಇದೇನ್ ಮೇಡಂ, ಯುದ್ಧಕ್ಕೆ ಹೊರಟ್ರಾ?" ಎಂದು ಕೇಳಿದ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಹೋದಳು.

ಕೋಡಿಪಾಳ್ಯದಲ್ಲಿ ಬಟ್ಟಲು ಐದನೆಯ ಸಾಲಿನಲ್ಲಿ ತೇಲುತ್ತಿತ್ತು. ರತ್ನಮ್ಮ ಮತ್ತು ಎದುರು ಮನೆಯಾಕೆ ಒಬ್ಬರಿಗೊಬ್ಬರು ಬೆನ್ನು ಹಾಕಿಕೊಂಡು ಪಾತ್ರೆ ಉಜ್ಜುತ್ತಿದ್ದರು. ಪಿಳ್ಳಪ್ಪ ಕಟ್ಟೆಯ ಮೇಲಿದ್ದ. ಸಲಾಕೆ ನೋಡಿ ಎದ್ದ.

"ಕೊಡೋಕ್ಮುಂಚೆ ಒಂದು ಸಲ ಕೇಳು," ಎಂದು ಕಟ್ಟೆಯ ಬುಡದಲ್ಲಿ ಹಾದುಹೋಗಿದ್ದ ಪೈಪನ್ನು ತೋರಿಸಿದ.

ಭೂಮಿಕಾ ಸಲಾಕೆಯ ಮೊನೆಯನ್ನು ಪೈಪಿಗೆ ಒತ್ತಿ, ಸವೆದ ಮರದ ಬಿಲ್ಲೆಗೆ ಕಿವಿಯಿಟ್ಟಳು. ಸಿಳ್ಳೆ ಇರಲಿಲ್ಲ. ನೀರು ಹೋಗುತ್ತಿತ್ತು. ದೂರದಲ್ಲಿ ಒಂದು ನಲ್ಲಿ ತೆರೆಯಿತು. ಅದು ಹರಿಯತೊಡಗಿದ ಮೇಲೆ ಅದರ ಪಕ್ಕದ್ದು ಮುಚ್ಚಿತು. ಅವಳು ಇನ್ನೂ ಆರು ನಿಮಿಷ ಹಾಗೆಯೇ ಬಗ್ಗಿದ್ದಳು. ಇನ್ನೊಂದು ನಲ್ಲಿ ತೆರೆಯಿತು.

ಎದ್ದು ನಿಂತು ಸಲಾಕೆಯನ್ನು ಎರಡು ಕೈಯಿಂದ ಚಾಚಿದಳು.

"ನಾಳೆ ತಂದ್ಕೊಡ್ತೀನಿ ತಾತ ಅಂದಿದ್ದ," ಎಂದ ಪಿಳ್ಳಪ್ಪ.

"ತಡವಾಯ್ತು," ಎಂದಳು ಭೂಮಿಕಾ.

ಮುದುಕ ಅದನ್ನು ಒಳಗೆ ಒಯ್ದು ಬಾಗಿಲ ಹಿಂದೆ ಒರಗಿಸಿದ. ಎಷ್ಟೋ ವರ್ಷ ಅದು ನಿಂತು ನಿಂತು ಅಲ್ಲಿನ ಸುಣ್ಣದ ಗೋಡೆಯಲ್ಲಿ ಒಂದು ಗೆರೆ ಬಿದ್ದಿತ್ತು. ಸಲಾಕೆ ಆ ಗೆರೆಯೊಳಗೆ ಹೋಗಿ ಕೂತಿತು.